ಬಿದ್ದ ಊರಿನ ಹೆಸರು

ಉಲ್ಕಾಶಿಲೆಗಳ ಪಟ್ಟಿಯನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ. ಹೆಸರು, ಬಿದ್ದ ದಿನ, ವರ್ಗ, ತೂಕ: ಇಷ್ಟರಲ್ಲಿ ಒಂದು ಕಲ್ಲಿನ ಕತೆ ಮುಗಿದುಹೋಗುತ್ತದೆ. ಆದರೆ ಅಂಥ ಪಟ್ಟಿಯಲ್ಲಿ ‘ಮುದ್ದೂರ್, 21 ಸೆಪ್ಟೆಂಬರ್ 1865, ಎಲ್5’ ಎಂಬ ಸಾಲು ಕಂಡಾಗ ಕೊಳ್ಳೇಗಾಲದ ಕಡೆಯವನಾದ ನನಗೆ ಮುಂದಕ್ಕೆ ಹೋಗಲಾಗಲಿಲ್ಲ. ಆ ಮುದ್ದೂರ್ ಬೇರೆ ಯಾವುದೂ ಅಲ್ಲ, ನಮ್ಮಲ್ಲಿಂದ ಮಳವಳ್ಳಿ ದಾಟಿದರೆ ಸಿಗುವ ಮದ್ದೂರು. ಮರುವರ್ಷ ಉಡುಪಿಯಲ್ಲಿ ಬಿದ್ದ ಕಲ್ಲು ಇವತ್ತಿಗೂ ‘ಉಡಿಪಿ’ಯಾಗಿಯೇ ಉಳಿದಿದೆ. ‘ಎಲ್’ ಎಂದರೆ ಕಬ್ಬಿಣ ಕಡಿಮೆಯಿರುವ ಗುಂಪು; ‘5’ ಎಂದರೆ ತನ್ನ ಮೂಲ ಕಾಯದೊಳಗೆ ಆ ಕಲ್ಲು ಎಷ್ಟು ಬೆಂದಿತ್ತು ಎಂಬುದರ ಗುರುತು. ಒಂದೇ ಸಾಲಿನಲ್ಲಿ ಆಕಾಶದ ಕತೆಯೂ ಇದೆ, ಊರಿನ ಕತೆಯೂ ಇದೆ.

ಉಲ್ಕಾಶಿಲೆಗೆ ಅದು ಬಿದ್ದ ಅಥವಾ ಸಿಕ್ಕ ಜಾಗದ ಹೆಸರನ್ನೇ ಇಡುವುದು ರೂಢಿ. ಕಂಡವರ ಹೆಸರಾಗಲಿ ಕೊಂಡವರ ಹೆಸರಾಗಲಿ ಬರುವುದಿಲ್ಲ. ಈ ರೂಢಿಯ ಬೆಲೆ ನಮ್ಮ ಸೀಮೆಯವರಿಗೆ ಬೇಗ ತಿಳಿಯುತ್ತದೆ. 1865ರಲ್ಲಿ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದೊಳಗಿನ, ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು. ಹನೂರು ಪ್ರತ್ಯೇಕ ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. ಮೂರೂ ಊರುಗಳ ಮೇಲಿನ ಆಡಳಿತದ ಹೆಸರು ಬದಲಾಗುತ್ತ ಬಂತು: 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಊರಿನ ಹೆಸರು ಮಾತ್ರ ಕದಲಲಿಲ್ಲ. ಕಾಗುಣಿತ ತಪ್ಪಿದ್ದರೂ ‘ಮುದ್ದೂರ್’ ನಮ್ಮನ್ನು ಮದ್ದೂರಿಗೇ ಕರೆದೊಯ್ಯುತ್ತದೆ.

ಈ ದಾರಿ ತಪ್ಪುವುದು ಮಾರುಕಟ್ಟೆಯಲ್ಲಿ. ಸಹಾರದಲ್ಲಿ ಸಿಕ್ಕಿ ಕೈಯಿಂದ ಕೈಗೆ ಮಾರಾಟವಾಗುತ್ತ ಬಂದ ಸಾವಿರಾರು ಕಲ್ಲುಗಳಿಗೆ ಊರಿಲ್ಲ. ‘ವಾಯವ್ಯ ಆಫ್ರಿಕಾ’ ಮತ್ತು ಒಂದು ಸಂಖ್ಯೆ, ಅಷ್ಟೆ. 2025ರ ಜುಲೈಯಲ್ಲಿ ನ್ಯೂಯಾರ್ಕಿನ ಸೋಥೆಬೀಸ್ ಹರಾಜಿನಲ್ಲಿ 24.67 ಕಿಲೋ ತೂಕದ ಮಂಗಳ ಗ್ರಹದ ತುಂಡೊಂದು ಸುಮಾರು 53 ಲಕ್ಷ ಡಾಲರಿಗೆ ಹೋಯಿತು. ಸಿಕ್ಕಿದ್ದು ನೈಜರ್ ದೇಶದಲ್ಲಿ, 2023ರಲ್ಲಿ. ಹೆಸರು ಮಾತ್ರ ‘ವಾಯವ್ಯ ಆಫ್ರಿಕಾ 16788’. ಮಾರಾಟದ ನಂತರ ನೈಜರ್ ಸರ್ಕಾರ ತನಿಖೆಗೆ ಹೊರಟಿತು. ಮಂಗಳ ಗ್ರಹದ ವಿಳಾಸ ಬಲ್ಲ ಬರಹಕ್ಕೆ ಭೂಮಿಯ ಮೇಲಿನ ವಿಳಾಸ ಬೇಡವಾದುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕೊಳ್ಳುವವರೆಲ್ಲ ಕೆಡುಕರೆಂದು ನಾನು ಹೇಳುತ್ತಿಲ್ಲ. ಕೊಳ್ಳುವವರಿಲ್ಲದಿದ್ದರೆ ಮರಳುಗಾಡಿನಲ್ಲಿ ಆ ಕಲ್ಲುಗಳನ್ನು ಆರಿಸುವವರೂ ಇರುತ್ತಿರಲಿಲ್ಲ. ‘ಬ್ಲ್ಯಾಕ್ ಬ್ಯೂಟಿ’ ಎಂದು ಹೆಸರಾದ ‘ವಾಯವ್ಯ ಆಫ್ರಿಕಾ 7034’ ಮೊರಾಕ್ಕೋದ ವ್ಯಾಪಾರಿಯ ಮೂಲಕವೇ ವಿಜ್ಞಾನಿಗಳ ಕೈಗೆ ಬಂತು. ಆದರೆ ಅದೇ ಕಲ್ಲು ಇನ್ನೊಂದನ್ನೂ ಹೇಳುತ್ತದೆ. ಮಂಗಳದ ಪ್ರಾಚೀನ ಕಾಂತಕ್ಷೇತ್ರದ ನೆನಪನ್ನು ಅದರಲ್ಲಿ ಹುಡುಕಿದ ಸಂಶೋಧಕರಿಗೆ, ಯಾರೋ ಪರೀಕ್ಷೆಗೆಂದು ತಾಗಿಸಿದ ಅಯಸ್ಕಾಂತ ಆ ನೆನಪನ್ನು ಅಳಿಸಿಹಾಕಿರುವುದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೊತ್ತಾಯಿತು. ಅಸಲಿಯೋ ನಕಲಿಯೋ ಎಂದು ನೋಡುವ ಅವಸರದಲ್ಲಿ ಅಸಲು ಕತೆಯೇ ಹೋಯಿತು. ನಮ್ಮ ಸೀಮೆಯಲ್ಲಂತೂ ಈ ಪರೀಕ್ಷೆಗೆ ಹೆಚ್ಚು ಅರ್ಥವೂ ಇಲ್ಲ. ಇಲ್ಲಿನ ನೆಲದಲ್ಲೇ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್ ಬಂಡೆಗಳಿವೆ.

ಇದಕ್ಕೆ ಎದುರಾಗಿ ನಾನು ಇಡುವ ಪಠ್ಯ ನಮ್ಮದೇ ಮಾದಪ್ಪನ ಕಾವ್ಯ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವಾಗ ಎಪ್ಪತ್ತೇಳು ಮಲೆ ಎಂಬುದು ಬರೀ ಲೆಕ್ಕವಲ್ಲ. ಮಲೆಗೊಂದು ಹೆಸರು, ಹೆಸರಿಗೊಂದು ನಡೆದ ಸಂಗತಿ. ಆ ಹೆಸರುಗಳನ್ನು ತೆಗೆದು ಸಂಖ್ಯೆ ಹಾಕಿದರೆ ಮಲೆಗಳು ಉಳಿಯುತ್ತವೆ, ಕಾವ್ಯ ಉಳಿಯುವುದಿಲ್ಲ. ಮಾರುಕಟ್ಟೆಯ ಚೀಟಿಯಲ್ಲಿ ಕಲ್ಲಿಗೆ ಆಗುವುದೂ ಇದೇ.

ನಾಳೆ ಹನೂರಿನ ಯಾವುದೋ ರಾಗಿ ಹೊಲದಲ್ಲಿ ಅಂಥ ಕಲ್ಲು ಬಿದ್ದರೆ ಮೊದಲು ಬೇಕಾದದ್ದು ಅಯಸ್ಕಾಂತವಲ್ಲ, ಬೆಲೆಯೂ ಅಲ್ಲ. ಯಾವ ಹೊಲ, ಎಷ್ಟು ಹೊತ್ತು, ಯಾವ ದಿಕ್ಕಿನಿಂದ ಬಂತು, ಸದ್ದು ಕೇಳಿದವರು ಏನೆಂದರು ಎಂಬುದನ್ನು ಯಾರಾದರೂ ಬರೆದಿಡಬೇಕು. ಆಮೇಲೆ ಕಲ್ಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಲುಪಲಿ. ಅದಕ್ಕೆ ಹನೂರಿನ ಹೆಸರು ಬರಲಿ. ಆಕಾಶದಲ್ಲಿ ಅದು ಯಾರದ್ದೂ ಆಗಿರಲಿಲ್ಲ. ನಮ್ಮದಾಗುವುದು ಬಿದ್ದ ಮೇಲೆ, ಆ ಒಂದು ಸಾಲನ್ನು ನಾವು ಸರಿಯಾಗಿ ಬರೆದರೆ.