ಓಲೆಗರಿಯಲ್ಲಿ ಸಿಗದ ಉತ್ತರ: ಹೈದರಾಬಾದಿನಲ್ಲಿ ‘ಸಂಸ್ಕಾರ’ ಓದುತ್ತ

ನಾವು ಏಳೆಂಟು ಜನ ಕನ್ನಡಿಗರು ತಿಂಗಳಿಗೊಮ್ಮೆ ಕೊಂಡಾಪುರದಲ್ಲಿ ಒಬ್ಬರ ಫ್ಲ್ಯಾಟಿನಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಕಳೆದ ಸಲದ ಸರದಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ್ದು. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ, ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗ ಮೊದಲೇ ತೀರ್ಪು ಕೊಟ್ಟುಬಿಟ್ಟ: “ಅಕ್ಕಾ, ಬರವಣಿಗೆ ಚೆನ್ನಾಗಿದೆ. ಆದ್ರೆ ಇದು ಮ್ಯೂಸಿಯಮ್ಮಿನಲ್ಲಿ ಇಡೋ ವಸ್ತು. ಹೆಣ ಸುಡೋದಕ್ಕೆ ಈಗ ಯಾರಾದ್ರೂ ಗ್ರಂಥ ತೆಗೆದು ನೋಡ್ತಾರಾ?”

ನಾನು ತಕ್ಷಣ ಏನೂ ಹೇಳಲಿಲ್ಲ. ಹೇಳಬೇಕಾದದ್ದು ಅಲ್ಲಿ ಚಹಾ ಕುಡಿಯುತ್ತ ಹೇಳುವಂಥದ್ದಾಗಿರಲಿಲ್ಲ. ಕಳೆದ ವರ್ಷ ನನ್ನ ಅಪ್ಪ ಇದೇ ಊರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ನಮ್ಮದು ರಾಯಚೂರಿನ ಮಾಧ್ವ ಮನೆ. ನಾನೊಬ್ಬಳೇ ಮಗಳು. ಪರಿಚಯದ ಪುರೋಹಿತರೊಬ್ಬರಿಗೆ ಫೋನ್ ಮಾಡಿ, ಕ್ರಿಯೆ ನಾನೇ ಮಾಡುತ್ತೇನೆ ಎಂದೆ. ಅವರು ಗದರಲಿಲ್ಲ, ಮೆತ್ತಗೆ ಹೇಳಿದರು: “ಶಾಸ್ತ್ರದಾಗ ಇಲ್ಲಮ್ಮಾ. ದಾಯಾದಿಗಳು ಯಾರೂ ಇಲ್ಲೇನು?” ಇದ್ದ. ಪುಣೆಯಲ್ಲಿ ದೊಡ್ಡಪ್ಪನ ಮಗ. ಅವನು ಬಸ್ಸು ಹಿಡಿದು ಬರುವವರೆಗೆ ಅಪ್ಪ ಹತ್ತೊಂಬತ್ತು ಗಂಟೆ ಫ್ರೀಜರ್ ಬಾಕ್ಸಿನಲ್ಲಿ ಕಾದರು. ನನ್ನ ಕೈಗೆ ದರ್ಭೆ ಕೊಟ್ಟು, ಅದನ್ನು ಅಣ್ಣನ ಕೈಗೆ ಕೊಡು ಎಂದರು. ಕೊಟ್ಟೆ. ಅಂದರೆ ಅಧಿಕಾರ ಇರಲಿಲ್ಲ ನನಗೆ, ಆದರೆ ಆ ಇಲ್ಲದ ಅಧಿಕಾರವನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಅಧಿಕಾರ ಮಾತ್ರ ಇತ್ತು. ಮುಂದಿನ ತಿಂಗಳು ವರ್ಷಾಬ್ದಿಕ. ಹಾಗಾಗಿ ಆ ಹುಡುಗನ ಪ್ರಶ್ನೆ ನನಗೆ ಸಾಹಿತ್ಯದ ಪ್ರಶ್ನೆ ಮಾತ್ರವಾಗಿ ಉಳಿಯಲಿಲ್ಲ. ಕಾದಂಬರಿಯನ್ನು ಮತ್ತೊಮ್ಮೆ ಮೊದಲಿಂದ ಓದಿದೆ. ಇದು ಆ ಓದಿನ ಟಿಪ್ಪಣಿ.

‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ಕತೆ ಬಹುಪಾಲು ಓದುಗರಿಗೆ ಗೊತ್ತು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಸಾಲಿಗ್ರಾಮವನ್ನು ಹೊಳೆಗೆಸೆದವನು, ಮುಸ್ಲಿಮರ ಜೊತೆ ಉಂಡವನು, ಚಂದ್ರಿಯ ಜೊತೆ ಬದುಕಿದವನು. ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಗಾಗಿ ಅವನು ಬ್ರಾಹ್ಮಣನೇ, ಅಲ್ಲವೇ? ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಊಟವಿಲ್ಲ. ಎಲ್ಲರೂ ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ. ಆಚಾರ್ಯರು ಓಲೆಗರಿಗಳ ಮುಖ ನೋಡುತ್ತಾರೆ.

ಕಾಲೇಜಿನಲ್ಲಿ ಓದಿದಾಗ ನನಗೆ ಇದು ಶಾಸ್ತ್ರ ಸೋತ ಕತೆ ಎನ್ನಿಸಿತ್ತು. ನಮಗೆ ಪಾಠ ಮಾಡಿದವರೂ ಹಾಗೇ ಹೇಳಿದ್ದರು. ಈ ಸಲ ಅಷ್ಟು ಸರಳವಾಗಿ ಕಾಣಲಿಲ್ಲ. ಶಾಸ್ತ್ರವನ್ನು ಕೇಳಿದ ಪ್ರಶ್ನೆಯೇ ಮೊದಲಿನಿಂದ ಮೈಲಿಗೆಯಾಗಿತ್ತು. ಗಮನಿಸಿ: ಮೊದಲು ಯಾರೂ ಹೆಣ ಮುಟ್ಟಲು ತಯಾರಿಲ್ಲ. ಚಂದ್ರಿ ಮೈಮೇಲಿನ ಒಡವೆ ಬಿಚ್ಚಿ, ಖರ್ಚಿಗೆ ಇರಲಿ ಎಂದು ಆಚಾರ್ಯರ ಮುಂದೆ ಇಡುತ್ತಾಳೆ. ಅಲ್ಲಿಂದಾಚೆ ಗಂಡಂದಿರಿಗೂ ಹೆಂಡಂದಿರಿಗೂ ನಾರಣಪ್ಪನ ಮೇಲೆ ಹಕ್ಕು ಹುಟ್ಟಿಕೊಳ್ಳುತ್ತದೆ. ನಿನ್ನೆ ‘ಆಗದು’ ಎನ್ನಲು ಬೇಕಾಗಿದ್ದ ಗ್ರಂಥ ಇವತ್ತು ‘ಆಗಬಹುದು’ ಎನ್ನಲು ಬೇಕು. ಗ್ರಂಥದಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಪ್ರಾಣೇಶಾಚಾರ್ಯರು ಈ ಗುಂಪಿನವರಲ್ಲ. ಅವರಿಗೆ ಬಂಗಾರದ ಆಸೆಯಿಲ್ಲ, ವೇಷವೂ ಇಲ್ಲ. ಅವರನ್ನು ಬರೀ ಕಪಟಿಯನ್ನಾಗಿ ಓದುವವರು ಕಾದಂಬರಿಯನ್ನು ಸಣ್ಣದು ಮಾಡುತ್ತಾರೆ. ಅವರ ತೊಡಕು ಬೇರೆ. ಪುಸ್ತಕ ಏನು ಹೇಳುತ್ತದೆ ಎಂಬುದನ್ನು ರಾತ್ರಿಯೆಲ್ಲ ಹುಡುಕುವ ಅವರು, ಹೊರಗೆ ಜಗಲಿಯಲ್ಲಿ ಕಾಯುತ್ತಿರುವವಳು ಏನು ಕೇಳುತ್ತಿದ್ದಾಳೆ ಎಂಬುದನ್ನು ಕೇಳಿಸಿಕೊಳ್ಳುವುದಿಲ್ಲ. ಗ್ರಂಥದಲ್ಲಿ ಸಿಗದಿದ್ದಾಗ ಮಾರುತಿಯ ಗುಡಿಗೆ ಹೋಗುತ್ತಾರೆ. ಅಲ್ಲೂ ಅವರಿಗೆ ಬೇಕಾದದ್ದು ಅಪ್ಪಣೆ. ಎಡವೋ ಬಲವೋ, ಒಂದು ಹೂವು ಬೀಳಲಿ. ತಾನು ನಿರ್ಧರಿಸಿದೆ ಎಂಬ ಭಾರ ಮಾತ್ರ ತನ್ನ ಮೇಲೆ ಬೀಳದಿರಲಿ.

ಇನ್ನು ಚಂದ್ರಿ. ಅಗ್ರಹಾರದ ಬ್ರಾಹ್ಮಣರು ಅಪ್ಪಣೆಗಾಗಿ ಕೈಮರಕ್ಕೂ ಮಠಕ್ಕೂ ಅಲೆಯುತ್ತಿರುವಾಗ ನಾರಣಪ್ಪ ಆಗಲೇ ಬೂದಿಯಾಗಿದ್ದಾನೆ. ಚಂದ್ರಿ ಅಹ್ಮದ್ ಬ್ಯಾರಿಯ ಗಾಡಿಯಲ್ಲಿ ಹೆಣ ಸಾಗಿಸಿ ರಾತ್ರೋರಾತ್ರಿ ಸುಟ್ಟಿದ್ದಾಳೆ. ಅಂದರೆ ಕಾದಂಬರಿಯ ಉತ್ತರಾರ್ಧದ ಅಷ್ಟೂ ಚರ್ಚೆ ಇಲ್ಲದ ಹೆಣದ ಬಗ್ಗೆ ನಡೆಯುವಂಥದ್ದು. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ವ್ಯಂಗ್ಯ ನಾನು ಓದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಚಂದ್ರಿ ಶ್ರದ್ಧೆ ಇಲ್ಲದವಳಲ್ಲ. ಸತ್ತವನಿಗೆ ಸರಿಯಾದ ದಹನ ಆಗಬೇಕೆಂದು ಆ ಊರಿನಲ್ಲಿ ನಿಜವಾಗಿ ಬಯಸಿದವಳು ಅವಳೊಬ್ಬಳೇ. ಆಗದೇ ಹೋದಾಗ ಆದಷ್ಟನ್ನು ಮಾಡಿದಳು. ಗ್ರಂಥ ಓದದವಳ ಶ್ರದ್ಧೆ ಗ್ರಂಥ ಕಂಠಪಾಠವಿದ್ದವರ ಶ್ರದ್ಧೆಗಿಂತ ಮೊದಲು ಸ್ಮಶಾನ ಮುಟ್ಟಿತು.

ಕಾದಂಬರಿಯ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲೇ. ಆಚಾರ್ಯರ ಮನಸ್ಸಿನ ಪ್ರತಿ ತಿರುವಿಗೂ ಅನಂತಮೂರ್ತಿಯವರು ಪುಟಗಟ್ಟಲೆ ಜಾಗ ಕೊಡುತ್ತಾರೆ. ಚಂದ್ರಿಗೆ ಮೈ ಕೊಟ್ಟಿದ್ದಾರೆ, ಕೆಲಸ ಕೊಟ್ಟಿದ್ದಾರೆ, ಯೋಚನೆ ಕೊಟ್ಟದ್ದು ತೀರ ಕಡಿಮೆ. ಚಿತೆಯ ಮುಂದೆ ನಿಂತಾಗ ಅವಳಿಗೆ ಏನನ್ನಿಸಿತು? ಕೆಲವೇ ಸಾಲುಗಳಲ್ಲಿ ಆ ರಾತ್ರಿ ಮುಗಿಯುತ್ತದೆ, ಅವಳು ಕುಂದಾಪುರದ ದಾರಿ ಹಿಡಿಯುತ್ತಾಳೆ, ಕತೆ ಆಚಾರ್ಯರ ಹಿಂದೆ ಹೋಗುತ್ತದೆ. ಅಪ್ಪನ ಚಿತೆಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಲ್ಪಟ್ಟವಳಿಗೆ ಆ ಸಾಲುಗಳು ಸಾಲಲಿಲ್ಲ. ಶಾಸ್ತ್ರದ ವಿರುದ್ಧ ಬಂಡೆದ್ದ ಕಾದಂಬರಿಯೂ ಯೋಚಿಸುವ ಅಧಿಕಾರವನ್ನು ಶಾಸ್ತ್ರಜ್ಞನ ಕೈಯಲ್ಲೇ ಉಳಿಸಿತು.

ಈ ಅಗ್ರಹಾರದ ಕತೆಯನ್ನು ತೆರೆಗೆ ತಂದವರು ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿ ಎಂಬುದನ್ನು ಈ ಊರಿನಲ್ಲಿ ಇರುವ ನಾವು ನೆನೆಯಬೇಕು. 1970ರ ಆ ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮೊದಲು ಅನುಮತಿ ನಿರಾಕರಿಸಿತ್ತು. ಆಮೇಲೆ ಅದೇ ಚಿತ್ರ ದೇಶದ ಅತ್ಯುತ್ತಮ ಚಲನಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಅಲ್ಲಿ ಸ್ನೇಹಲತಾ ರೆಡ್ಡಿಯವರ ಮುಖ ಚಂದ್ರಿಗೆ ಪುಸ್ತಕಕ್ಕಿಂತ ಒಂದಿಷ್ಟು ಹೆಚ್ಚು ಜಾಗ ಕೊಟ್ಟಿತು ಎಂದು ನನ್ನ ಅನಿಸಿಕೆ.

ಹಾಗಾದರೆ ಗ್ರಂಥಗಳನ್ನು ಕಟ್ಟಿ ಅಟ್ಟಕ್ಕೆ ಹಾಕೋಣವೇ? ಹಾಗೆ ಹೇಳಿ ಮುಗಿಸಬಹುದಿತ್ತು, ಇದೇ ಹೈದರಾಬಾದಿನಲ್ಲಿ ಇನ್ನೊಂದು ಘಟನೆ ನಡೆಯದೆ ಇದ್ದಿದ್ದರೆ.

2018ರ ಏಪ್ರಿಲ್‌ನಲ್ಲಿ ಮೂಸಿ ನದಿಯ ಪಕ್ಕದ ಜಿಯಾಗುಡದ ರಂಗನಾಥಸ್ವಾಮಿ ದೇವಸ್ಥಾನದಲ್ಲಿ ಅರ್ಚಕ ರಂಗರಾಜನ್ ಅವರು ಒಬ್ಬ ದಲಿತ ಭಕ್ತನನ್ನು ಹೆಗಲ ಮೇಲೆ ಹೊತ್ತು ಗುಡಿಯೊಳಗೆ ಕರೆದೊಯ್ದರು. ರಂಗರಾಜನ್ ಎಂದರೆ ನಮ್ಮಲ್ಲಿ ಅನೇಕರು ವೀಸಾಕ್ಕಾಗಿ ಹನ್ನೊಂದು ಪ್ರದಕ್ಷಿಣೆ ಹಾಕಿ ಬಂದ ಚಿಲ್ಕೂರು ಬಾಲಾಜಿ ದೇವಸ್ಥಾನದ ಅರ್ಚಕರು. ಅವರು ಸಂವಿಧಾನದ ಹೆಸರು ಹೇಳಿ ಇದನ್ನು ಮಾಡಬಹುದಿತ್ತು. ಮಾಡಿದ್ದು ಹಳೆಯ ಕತೆಯ ಹೆಸರಿನಲ್ಲಿ. ಅದು ಮುನಿವಾಹನ ಸೇವೆ.

ಶ್ರೀವೈಷ್ಣವರ ಹನ್ನೆರಡು ಆಳ್ವಾರರಲ್ಲಿ ತಿರುಪ್ಪಾಣ್ ಒಬ್ಬರು. ಹಾಡುವ ಪಾಣ ಕುಲದವರು, ಶ್ರೀರಂಗದ ಗುಡಿಯೊಳಗೆ ಪ್ರವೇಶವಿರಲಿಲ್ಲ. ಕಾವೇರಿಯ ದಡದಲ್ಲಿ ಮೈಮರೆತು ಹಾಡುತ್ತಿದ್ದಾಗ ನೀರಿಗೆ ಬಂದ ಲೋಕಸಾರಂಗ ಮುನಿ ದಾರಿ ಬಿಡಲೆಂದು ಕಲ್ಲು ಬೀಸಿದ. ಗುಡಿಗೆ ಹಿಂತಿರುಗಿದರೆ ರಂಗನಾಥನ ಹಣೆಯಲ್ಲಿ ರಕ್ತ. ದೇವರ ಅಪ್ಪಣೆಯಂತೆ, ಕಲ್ಲೆಸೆದ ಮುನಿಯೇ ಆ ಹಾಡುಗಾರನನ್ನು ಹೆಗಲ ಮೇಲೆ ಹೊತ್ತು ತರಬೇಕಾಯಿತು. ತಿರುಪ್ಪಾಣರ ಹತ್ತು ಪದ್ಯಗಳು ನಾಲಾಯಿರ ದಿವ್ಯಪ್ರಬಂಧದಲ್ಲಿವೆ.

ಮಾಧ್ವ ಮನೆಯಲ್ಲಿ ಬೆಳೆದ ನನಗೆ ಉಡುಪಿಯ ಕನಕನ ಕಿಂಡಿಯ ಕತೆ ಬಾಯಿಪಾಠ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಉಡುಪಿಯಲ್ಲಿ ದೇವರು ತಿರುಗಿದ, ಗೋಡೆ ಬಿರಿಯಿತು. ಬಾಗಿಲಲ್ಲಿ ತಡೆದವರು ಏನೂ ಮಾಡಬೇಕಾಗಲಿಲ್ಲ. ಶ್ರೀರಂಗದ ಕತೆಯಲ್ಲಿ ದೇವರು ಅಲುಗುವುದಿಲ್ಲ. ಕಲ್ಲೆಸೆದವನ ಬೆನ್ನು ಬಾಗಬೇಕು. ಮೊದಲನೆಯದನ್ನು ಪವಾಡವೆಂದು ಕೈಮುಗಿದು ಮರೆಯಬಹುದು. ಎರಡನೆಯದನ್ನು ಮಾಡಿ ತೋರಿಸಬಹುದು. ಮಾಡಿಯೂ ತೋರಿಸಿದರು.

ಅದಕ್ಕೂ ಮಿತಿಯಿದೆ. ಹೊರುವವರು ಒಪ್ಪಿದ ದಿನವಷ್ಟೇ ಹೆಗಲು ಸಿಗುತ್ತದೆ. ಸ್ವಂತ ಕಾಲಿನಲ್ಲಿ ನಡೆದು ಒಳಗೆ ಹೋಗುವ ಹಕ್ಕು, ಹೆಗಲೇರಿ ಹೋಗುವ ಗೌರವಕ್ಕಿಂತ ದೊಡ್ಡದು. 2025ರ ಫೆಬ್ರವರಿಯಲ್ಲಿ ರಾಮರಾಜ್ಯದ ಹೆಸರು ಹೇಳಿಕೊಂಡ ಗುಂಪೊಂದು ಅದೇ ರಂಗರಾಜನ್ ಅವರ ಮನೆಗೆ ಬಂದು ಅವರ ಮೇಲೆ ಹಲ್ಲೆ ಮಾಡಿತು. ಅವರ ಬಾಯಲ್ಲೂ ಧರ್ಮದ ಮಾತೇ ಇತ್ತು. ಒಂದೇ ಪರಂಪರೆಯಿಂದ ಒಬ್ಬರು ಹೆಗಲನ್ನು ಹೆಕ್ಕಿಕೊಂಡರು, ಇನ್ನೊಬ್ಬರು ಮುಷ್ಟಿಯನ್ನು.

ಹೆಕ್ಕಿಕೊಳ್ಳದೆ ಓದಿದವರು ಯಾರಿದ್ದಾರೆ? ಅಪ್ಪ ಹೋದ ಮೇಲೆ ನಾನೂ ಮನುಸ್ಮೃತಿ ತೆಗೆದು ನೋಡಿದೆ. ಒಂಬತ್ತನೇ ಅಧ್ಯಾಯದ ಆರಂಭದಲ್ಲೇ ಹೆಣ್ಣು ಸ್ವಾತಂತ್ರ್ಯಕ್ಕೆ ತಕ್ಕವಳಲ್ಲ ಎಂಬ, ಎಲ್ಲರಿಗೂ ಗೊತ್ತಿರುವ ಮಾತಿದೆ. ಅದೇ ಅಧ್ಯಾಯದಲ್ಲಿ ಮುಂದೆ, ಆಸ್ತಿಯ ವಿಚಾರ ಬಂದಾಗ, ಮಗಳು ಮಗನಿಗೆ ಸಮ, ಅವಳಿರುವಾಗ ಇನ್ನೊಬ್ಬ ಹೇಗೆ ಆಸ್ತಿ ಪಡೆದಾನು ಎಂಬ ಅರ್ಥದ ಮಾತೂ ಇದೆ. ಪುರೋಹಿತರು ‘ಶಾಸ್ತ್ರದಲ್ಲಿ ಇಲ್ಲ’ ಎಂದಾಗ ಈ ಎರಡನೆಯ ಮಾತು ನನಗೆ ಗೊತ್ತಿದ್ದರೆ ವಾದ ಮಾಡುತ್ತಿದ್ದೆ. ಗೆಲ್ಲುತ್ತಿದ್ದೆನೋ ಏನೋ. ಆದರೆ ಆಗ ನಾನೂ ಅಗ್ರಹಾರದವರ ಸಾಲಿನಲ್ಲೇ ನಿಂತು, ಬೇಕಾದ ಉತ್ತರಕ್ಕೆ ಬೇಕಾದ ಶ್ಲೋಕ ಹುಡುಕುತ್ತಿದ್ದೆ. ವ್ಯತ್ಯಾಸ ಇಷ್ಟೇ: ನನ್ನ ಕಣ್ಣು ಇದ್ದದ್ದು ಬಂಗಾರದ ಮೇಲಲ್ಲ.

ಈ ವ್ಯತ್ಯಾಸ ಸಣ್ಣದಲ್ಲ ಎಂದು ಈಗ ನನಗೆ ಅನಿಸುತ್ತದೆ. ಶ್ಲೋಕವನ್ನು ಆರಿಸುವವರು ನಾವೇ ಆದ ಮೇಲೆ, ಆರಿಸಿದ್ದು ಯಾರ ಹಿತಕ್ಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರೂ ನಾವೇ. ‘ಶಾಸ್ತ್ರ ಹೇಳುತ್ತದೆ’ ಎನ್ನುವುದರ ಬದಲು ‘ಶಾಸ್ತ್ರದಲ್ಲಿ ಇದನ್ನು ನಾನು ಆರಿಸಿದ್ದೇನೆ’ ಎಂದು ಹೇಳುವ ಪ್ರಾಮಾಣಿಕತೆಯಾದರೂ ಬೇಕು. ಆ ಪುರೋಹಿತರು ಹಾಗೆ ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅವಮಾನವಾಗುತ್ತಿರಲಿಲ್ಲ.

ಇದನ್ನೆಲ್ಲ ಆ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಅವನು ಜಾಣ. “ನಾವೇ ಆರಿಸೋದಾದ್ರೆ ಪುಸ್ತಕ ಯಾಕೆ ಬೇಕಕ್ಕಾ? ಮನಸ್ಸಿಗೆ ಸರಿ ಅನ್ನಿಸಿದ್ದು ಮಾಡಿದರಾಯ್ತಲ್ಲ?” ಎಂದ.

ಅದಕ್ಕೆ ನನ್ನಲ್ಲಿ ಇರುವುದು ಒಂದೇ ಉತ್ತರ, ಅದೂ ವಾದವಲ್ಲ. ಹದಿಮೂರು ದಿನಗಳ ಕ್ರಿಯೆಯಲ್ಲಿ ಅಣ್ಣ ತರ್ಪಣ ಬಿಡುವಾಗ ಪುರೋಹಿತರು ಮೂರು ತಲೆಮಾರಿನ ಹೆಸರು ಕೇಳಿದರು. ಅಪ್ಪನದು ಗೊತ್ತು, ಅಜ್ಜನದು ಗೊತ್ತು. ಮುತ್ತಜ್ಜನ ಹೆಸರು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಒಳಗಿನಿಂದ ಅಮ್ಮ ಹೇಳಿದರು. ನಲವತ್ತೊಂದು ವರ್ಷದಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ಆ ವಾರ ನನಗೆ ಸ್ವಂತ ಮಾತೇ ಇರಲಿಲ್ಲ. ಮನಸ್ಸಿಗೆ ಸರಿ ಅನ್ನಿಸಿದ್ದನ್ನು ಮಾಡು ಎಂದಿದ್ದರೆ ಗೋಡೆ ನೋಡುತ್ತ ಕೂತಿರುತ್ತಿದ್ದೆ. ಆ ಹಳೆಯ ವಿಧಿ ನನ್ನನ್ನು ದೂರ ನಿಲ್ಲಿಸಿತು, ನಿಜ. ಮುತ್ತಜ್ಜನ ಹೆಸರನ್ನು ಕೊಟ್ಟದ್ದೂ ಅದೇ. ಎರಡನ್ನೂ ಒಪ್ಪಿಕೊಳ್ಳದೆ ಬರೆದರೆ ಸುಳ್ಳಾಗುತ್ತದೆ.

‘ಸಂಸ್ಕಾರ’ ಮ್ಯೂಸಿಯಮ್ಮಿಗೆ ಹೋಗುವ ಕಾಲ ಇನ್ನೂ ಬಂದಿಲ್ಲ. ಅಗ್ರಹಾರಗಳು ಖಾಲಿಯಾಗಿರಬಹುದು. ಆದರೆ ನಿರ್ಧಾರದ ಭಾರವನ್ನು ಪುಸ್ತಕದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ಜೊತೆಗೇ ಬಸ್ಸು ಹತ್ತಿ ಈ ಊರಿಗೂ ಬಂದಿದೆ. ಆಚಾರ್ಯರಿಗೆ ಎರಡು ದಿನದಲ್ಲಿ ತಿಳಿದದ್ದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಮೊನ್ನೆ ಅಮ್ಮನಿಗೆ ಹೇಳಿದೆ, ವರ್ಷಾಬ್ದಿಕಕ್ಕೆ ಅಣ್ಣನನ್ನು ಕರೆಸುವುದಿಲ್ಲ, ಎಳ್ಳುನೀರು ನಾನೇ ಬಿಡುತ್ತೇನೆ, ಮಾಡಿಸುವವರು ಸಿಕ್ಕರೆ ಸರಿ, ಸಿಗದಿದ್ದರೆ ಮೂರು ಹೆಸರು ಹೇಳಿ ಬಿಡುತ್ತೇನೆ ಎಂದು. ದಿನವೂ ಮಡಿಯುಟ್ಟು ಪಾರಾಯಣ ಮಾಡುವ ಹೆಂಗಸು. ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಬೈಗುಳಕ್ಕಿಂತ ಆ ಮೌನವೇ ಹೆದರಿಕೆ. ಆಮೇಲೆ ಕೇಳಿದರು, “ಎಳ್ಳು ಕರೇದು ತಂದೀಯಿಲ್ಲೋ? ಬಿಳೇದು ನಡೆಯೂದಿಲ್ಲ ನೋಡು.”

ತಂದಿಟ್ಟಿದ್ದೇನೆ.