ಅಜ್ಜಿಯ ಹೆಸರು, ಮೊಮ್ಮಗಳ ತೊಟ್ಟಿಲು

ಮಕ್ಕಳ ಹೆಸರಿನ ಪುಸ್ತಕಗಳನ್ನು ನೀವೂ ನೋಡಿರುತ್ತೀರಿ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಪಂಚಾಂಗ, ಅಡುಗೆ, ರಂಗೋಲಿ ಪುಸ್ತಕಗಳ ಪಕ್ಕದಲ್ಲೇ ಅವಕ್ಕೂ ಒಂದು ಜಾಗ. ಮೊದಲಿಗೆ ನಕ್ಷತ್ರದ ಅಕ್ಷರಗಳು: ಅಶ್ವಿನಿಗೆ ಚು, ಚೆ, ಚೋ, ಲ, ಸ್ವಾತಿಗೆ ರು, ರೆ, ರೋ, ತ. ಆಮೇಲೆ ಅಕಾರಾದಿಯಾಗಿ ಹೆಸರುಗಳು, ಎದುರಿಗೆ ಒಂದೊಂದು ಪದದ ಅರ್ಥ. ಗಂಡುಮಕ್ಕಳ ಪಟ್ಟಿಯಲ್ಲಿ ಒಡೆಯ, ಜಯಶಾಲಿ, ಸೂರ್ಯ. ಹೆಣ್ಣುಮಕ್ಕಳ ಪಟ್ಟಿಯಲ್ಲಿ ಹೂವು, ಬಳ್ಳಿ, ಬೆಳದಿಂಗಳು. ಈ ಪುಸ್ತಕಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಆದರೆ ಬಾಣಂತಿಯಿರುವ ಮನೆಯಲ್ಲಿ ಇವನ್ನು ಓದುವಷ್ಟು ಶ್ರದ್ಧೆಯಿಂದ ನಾವು ಬೇರೆ ಪುಸ್ತಕಗಳನ್ನು ಓದುವುದು ಅಪರೂಪ. ಅದಕ್ಕೇ ಒಂದು ಮಾತು ಹೇಳಬೇಕು. ಇವು ಹೆಸರಿಗೆ ಅರ್ಥ ಕೊಡುತ್ತವೆ; ಆ ಹೆಸರನ್ನು ಹೊತ್ತು ಬದುಕಿದವರು ಯಾರು ಎಂದು ಹೇಳುವುದಿಲ್ಲ. ಅದನ್ನು ಮನೆಯವರು ಹೇಳಬೇಕು. ಹೆಣ್ಣುಮಗುವಿನ ಮಟ್ಟಿಗೆ ಮನೆಯವರೂ ಹೇಳುವುದು ಕಡಿಮೆ.

ಗಂಡುಮಗುವಾದರೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಈ ಪ್ರಶ್ನೆಯೇ ಇರಲಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ. ಸೊಸೆಗೆ ಮಾವನ ಹೆಸರು ಹಿಡಿದು ಕರೆಯಲು ಸಂಕೋಚವೆಂದು ಮನೆಯೊಳಗೆ ಪುಟ್ಟ, ಅಪ್ಪು ಎಂದು ಬೇರೊಂದು ಹೆಸರು ಹುಟ್ಟಿಕೊಳ್ಳುತ್ತಿತ್ತು. ಶಾಲೆಯ ದಾಖಲೆಯಲ್ಲಿ ಮಾತ್ರ ಅಜ್ಜ ಗಟ್ಟಿಯಾಗಿ ಕುಳಿತಿರುತ್ತಿದ್ದ. ಹೆಣ್ಣುಮಗುವಿಗೆ ಹೊಸ ಹೆಸರು ಹುಡುಕುವ ಉತ್ಸಾಹವೇ ಹೆಚ್ಚು. ಇದನ್ನು ಸ್ವಾತಂತ್ರ್ಯ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮದುವೆಯಾಗಿ ಇನ್ನೊಂದು ಮನೆಗೆ ಹೋಗುವವಳ ಮೇಲೆ ವಂಶದ ಗುರುತು ಏಕೆ ಹಾಕಬೇಕು ಎಂಬ ಲೆಕ್ಕಾಚಾರವೂ ಅದರ ಹಿಂದೆ ಇದೆ.

ಆ ಲೆಕ್ಕಾಚಾರ ಮದುವೆಯ ಮಂಟಪದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ಮದುಮಗಳಿಗೆ ಹೊಸ ಹೆಸರಿಡುವ ಪದ್ಧತಿ ಕೆಲವು ಸಮುದಾಯಗಳಲ್ಲಿ ಚೆನ್ನಾಗಿ ಬೇರೂರಿತ್ತು. ತಟ್ಟೆಯ ಅಕ್ಕಿಯ ಮೇಲೆ ಬೆರಳು ಓಡಿಸಿದರೆ ಸಾಕು, ಹುಟ್ಟಿದ ಮನೆಯ ಹೆಸರು ಮುಗಿಯಿತು. ನಮ್ಮ ಲೇಖಕಿ ವೈದೇಹಿಯವರ ಹೆಸರುಗಳನ್ನೇ ನೋಡಿ. ಕುಂದಾಪುರದಲ್ಲಿ ಹುಟ್ಟಿದಾಗ ಅವರು ವಸಂತಿ. ಮದುವೆಯಾದ ಮೇಲೆ ಜಾನಕಿ. ‘ಸುಧಾ’ ವಾರಪತ್ರಿಕೆಗೆ ಕಳಿಸಿದ ಒಂದು ಬರಹ ನಿಜ ಬದುಕಿನದು, ಪ್ರಕಟಿಸಬೇಡಿ ಎಂದು ಅವರು ಕೇಳಿಕೊಂಡಾಗ ಸಂಪಾದಕರು ಅದನ್ನು ವೈದೇಹಿ ಎಂಬ ಹೆಸರಿನಲ್ಲಿ ಅಚ್ಚು ಮಾಡಿದರು. ಮೂರು ಹೆಸರಿನಲ್ಲಿ ಒಂದೂ ಅವರು ಆರಿಸಿಕೊಂಡದ್ದಲ್ಲ. ಆದರೂ ಮೂರನೆಯದನ್ನು ಅವರು ಬರೆದು ಬರೆದು ತಮ್ಮದು ಮಾಡಿಕೊಂಡರು. ನಮ್ಮ ಅಜ್ಜಿಯರಿಗೆ ಬರೆಯುವ ಅವಕಾಶವಿರಲಿಲ್ಲ. ಅವರ ಮೊದಲ ಹೆಸರು ತವರಿನ ಹಿರಿಯರ ಜೊತೆಗೇ ಹೋಯಿತು. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಮೂರು ತಲೆಮಾರಿನ ಹೆಂಗಸರ ಹೆಸರು ಹೇಳುವ ಮನೆಗಳಲ್ಲೂ ಹೇಳುವುದು ಗಂಡನ ಮನೆಯ ಹೆಸರನ್ನೇ.

ಪುರಾಣದ ಕಾಲದಿಂದಲೂ ಹೀಗೇ ಎಂದು ಬಿಟ್ಟುಬಿಡಬಹುದೇ? ಪುರಾಣ ಅಷ್ಟು ಸರಳವಾಗಿಲ್ಲ. ಜಾನಕಿ, ವೈದೇಹಿ, ದ್ರೌಪದಿ, ಪಾಂಚಾಲಿ, ಗಾಂಧಾರಿ ಎಲ್ಲವೂ ಅಪ್ಪನ ಅಥವಾ ಅಪ್ಪನ ನಾಡಿನ ಗುರುತುಗಳು, ನಿಜ. ಕುಂತಿಯ ಹುಟ್ಟು ಹೆಸರು ಪೃಥೆ. ಕುಂತಿಭೋಜನಿಗೆ ಸಾಕಲು ಕೊಟ್ಟ ಮೇಲೆ ಅವಳು ಕುಂತಿಯಾದಳು. ಆದರೆ ಆ ಪೃಥೆ ಕಳೆದುಹೋಗಲಿಲ್ಲ. ಅರ್ಜುನ ಪಾರ್ಥನಾಗಿದ್ದು ಅವಳಿಂದ. ಸಾಕಿದ ತಾಯಿ ರಾಧೆಯಿಂದ ಕರ್ಣ ರಾಧೇಯನಾದ; ಸುಮಿತ್ರೆಯಿಂದ ಲಕ್ಷ್ಮಣ ಸೌಮಿತ್ರಿಯಾದ. ತಾಯಿಯ ಹೆಸರನ್ನು ಮಗನ ಹೆಸರಿನೊಳಗೆ ಜೋಪಾನ ಮಾಡುವ ದಾರಿ ಆ ಕಥೆಗಳಿಗೆ ಗೊತ್ತಿತ್ತು. ಗಂಡುಮಕ್ಕಳಿಗೆ ಒಪ್ಪುವ ಈ ಗೌರವ ಹೆಣ್ಣುಮಕ್ಕಳ ತೊಟ್ಟಿಲ ಬಳಿ ಬಂದಾಗ ಏಕೆ ಹಿಂಜರಿಯುತ್ತದೆ?

ಕಾರಣ ನನಗೆ ತಿಳಿದದ್ದು ನನ್ನ ತಮ್ಮನ ಮನೆಯಲ್ಲಿ. ಅವನಿಗೆ ಮಗಳು ಹುಟ್ಟಿದಾಗ ಸೋದರತ್ತೆಯಾದ ನಾನು ತೊಟ್ಟಿಲಲ್ಲಿ ಹೆಸರು ಕೂಗಬೇಕಿತ್ತು. ನಮ್ಮ ಅಪ್ಪನ ತಾಯಿಯ ಹೆಸರಿಡೋಣ ಎಂದೆ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಹಪ್ಪಳ ಲಟ್ಟಿಸಿ ಎರಡು ಮಕ್ಕಳನ್ನು ಓದಿಸಿದ ಹೆಂಗಸು ಅವರು. ಮಾತು ಮುಗಿಯುವ ಮೊದಲೇ ದೊಡ್ಡಮ್ಮ ತಡೆದರು. “ಬೇಡ ಕಣೇ, ಆ ಹೆಸರು ಹೊತ್ತವಳು ಏನು ಸುಖ ಕಂಡಳು? ಅವಳ ಹಣೆಬರಹವನ್ನು ಕೂಸಿನ ತಲೆಗೆ ಕಟ್ಟಬೇಡ.” ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಅಜ್ಜಿಯ ಮೇಲೆ ಅವರಿಗೆ ಪ್ರೀತಿಯಿಲ್ಲದೆ ಅಲ್ಲ, ಇದ್ದುದರಿಂದಲೇ ಹಾಗೆಂದರು.

ಈ ಮಾತನ್ನು ಪ್ರೀತಿಯ ಮಾತು ಎಂದು ಸುಮ್ಮನಾಗಲು ನನಗೆ ಸಾಧ್ಯವಾಗಲಿಲ್ಲ. ಸೀತೆ ಎಂದು ಹೆಸರಿಡಲು ಹಿಂದೆಗೆಯುವವರು ನಮ್ಮಲ್ಲಿದ್ದಾರೆ, ಅವಳು ಕಾಡು ಸೇರಿದಳೆಂದು. ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತೆಯಲ್ಲಿ ಕೆರೆಗೆ ನೀರು ಬರಲೆಂದು ಬಲಿಯಾದ ಸೊಸೆ ಭಾಗೀರಥಿ. ಅವಳನ್ನು ಕೊಂದದ್ದು ಅವಳ ಹೆಸರೇ? ಸೊಸೆಯೇ ಆಗಬಹುದು ಎಂದು ಕುಳಿತು ತೀರ್ಮಾನಿಸಿದ ಹಿರಿಯರು. ನಮ್ಮ ಅಜ್ಜಿಯ ಕಷ್ಟಕ್ಕೆ ಕಾರಣ ಅವರ ಹೆಸರೇ? ಎಳೆಯ ವಯಸ್ಸಿನ ಮದುವೆ, ಓದಿಸದೆ ಉಳಿಸಿದ್ದು, ಗಂಡ ಸತ್ತ ಮೇಲೆ ಹೊಲದ ಪಾಲು ಕೊಡದ ಮೈದುನಂದಿರು. ಹೆಸರು ಕೆಟ್ಟದ್ದು ಎಂದುಬಿಟ್ಟರೆ ಇವರೆಲ್ಲ ತಪ್ಪಿಸಿಕೊಳ್ಳುತ್ತಾರೆ. ಮಾಡಿದವರ ಹೆಸರು ವಂಶವೃಕ್ಷದಲ್ಲಿ ಭದ್ರವಾಗಿ ಉಳಿದು, ಅನುಭವಿಸಿದವಳ ಹೆಸರು ಅಪಶಕುನವಾಗುವುದು ಯಾವ ನ್ಯಾಯ?

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ನನಗೆ ಮುಖ್ಯವೆನಿಸುವುದು ಇಲ್ಲಿಯೇ. ಮಲೆನಾಡಿನ ಬಾಲವಿಧವೆಯೊಬ್ಬಳ ಕಥೆ ಅದು. ಲೇಖಕಿ ಬಲ್ಲ ನಿಜವಾದ ಅಜ್ಜಿಯೊಬ್ಬರು, ತಾಯಿಯ ಬಾಯಿಂದ ಮಗಳಿಗೆ ಬಂದ ಬದುಕು. ಫಣಿಯಮ್ಮನಿಗೆ ಮಕ್ಕಳಿಲ್ಲ. ಹಾಗಾಗಿ ಹೆಸರು ಹೊರಲು ಮೊಮ್ಮಕ್ಕಳೂ ಇಲ್ಲ. ವಂಶವೃಕ್ಷದ ಯಾವ ಕೊಂಬೆಯೂ ಅವಳಿಂದ ಚಿಗುರುವುದಿಲ್ಲ. ಇಂದಿರಾ ಮಾಡಿದ್ದೇನೆಂದರೆ, ಒಂದು ಮೊಮ್ಮಗು ಮಾಡಬಹುದಾದ ಕೆಲಸವನ್ನು ಪುಸ್ತಕದಿಂದ ಮಾಡಿಸಿದರು. ಹೆಸರನ್ನು ನಯಗೊಳಿಸಲಿಲ್ಲ, ಅವಳನ್ನು ದೇವತೆಯಾಗಿಸಿ ಕಷ್ಟ ಮರೆಸಲೂ ಇಲ್ಲ. ಕಾದಂಬರಿಯ ಗದ್ಯ ಸಾದಾ, ಕೆಲವೆಡೆ ತೀರಾ ವರದಿಯಂತೆ ಎನ್ನುವವರಿದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಮನೆಯಲ್ಲಿ ಹಿರಿಯ ಹೆಂಗಸರು ಇನ್ನೊಬ್ಬ ಹೆಂಗಸಿನ ಬದುಕು ಹೇಳುವ ಧಾಟಿಯೂ ಅದೇ ತಾನೆ? 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು; ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ಅನುವಾದಿಸಿದರು. ಸಂತಾನವಿಲ್ಲದ ವಿಧವೆಯ ಹೆಸರು ಎಷ್ಟೋ ಸಂತಾನವಂತರ ಹೆಸರಿಗಿಂತ ದೂರ ನಡೆಯಿತು.

ಇನ್ನೂ ಹಿಂದೆ ಹೋದರೆ ದೊಡ್ಡಮ್ಮನ ಮಾತಿಗೆ ಸಾವಿರ ವರ್ಷದ ಹಿಂದಿನ ಉತ್ತರವೇ ಸಿಗುತ್ತದೆ. ಕವಿ ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ಒಂದು ಆಶ್ರಯ ಕೊಟ್ಟ ಚಾವುಂಡರಾಯನ ನೆನಪು. ಇನ್ನೊಂದು 993ರ ‘ಅಜಿತಪುರಾಣ’ವನ್ನು ಬರೆಸಿದ ದಾನಚಿಂತಾಮಣಿಯ ನೆನಪು. ಶಾಲೆಯ ಪಾಠದಲ್ಲಿ ಇದನ್ನು ಕವಿಯ ಕೃತಜ್ಞತೆ ಎಂದು ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಲ್ಲಿ. ಅತ್ತಿಮಬ್ಬೆಯ ಗಂಡ ನಾಗದೇವ ಯುದ್ಧದಲ್ಲಿ ಸತ್ತಾಗ, ಅವಳ ತಂಗಿಯೂ ಸವತಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದು ಮಗನನ್ನು ಬೆಳೆಸಿದಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಅಂದರೆ ರನ್ನ ತನ್ನ ಮಗಳಿಗೆ ಇಟ್ಟದ್ದು ಒಬ್ಬ ವಿಧವೆಯ ಹೆಸರು. ಅವನಿಗೆ ಕಂಡದ್ದು ಅವಳ ಹಣೆಬರಹವಲ್ಲ, ಅವಳ ಕೈಬರಹ. ಅವಳು ಅವನ ರಕ್ತಸಂಬಂಧಿಯೂ ಅಲ್ಲ ಎಂಬುದನ್ನು ಇನ್ನೊಮ್ಮೆ ನೆನೆಯಬೇಕು. ಮನೆತನದ ಚರಿತ್ರೆ ಎಂದರೆ ರಕ್ತದ ಸಾಲಷ್ಟೇ ಅಲ್ಲ, ಅನ್ನದ ಋಣ, ಅಕ್ಷರದ ಋಣವೂ ಹೌದು. ವೆಂಕಟಲಕ್ಷ್ಮಿ ಎಂಬ ವೈದ್ಯೆ ಅನುಪಮಾ ಎಂಬ ಹೆಸರಿನಲ್ಲಿ ಬರೆದರು. ಗಂಡ ಕುಳಕುಂದ ಶಿವರಾಯರು ನಿರಂಜನ ಎಂಬ ಹೆಸರಿನಲ್ಲಿ. ಈಗ ಅವರ ಹೆಣ್ಣುಮಕ್ಕಳ ಹೆಸರಿನ ಕೊನೆಗಿರುವುದು ಆ ಕಾವ್ಯನಾಮವೇ. ಬರವಣಿಗೆಯೇ ಮನೆತನದ ಹೆಸರಾಯಿತು.

ಹಾಗಾದರೆ ಹಳೆಯ ಹೆಸರೆಲ್ಲ ಮತ್ತೆ ಇಡತಕ್ಕದ್ದೇ? ಅಲ್ಲ. ಹೆಣ್ಣುಮಕ್ಕಳು ಒಂದರ ಮೇಲೊಂದು ಹುಟ್ಟಿದಾಗ ‘ಇನ್ನು ಸಾಕು’ ಎಂದು ಸಾಕಮ್ಮ, ಸಾಕವ್ವ ಎಂದಿಟ್ಟ ಮನೆಗಳಿದ್ದವು. ನಮ್ಮ ಗಡಿಯಾಚೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ಬೇಡವಾದವಳು’ ಎಂಬ ಅರ್ಥದ ನಕುಶಾ ಎಂಬ ಹೆಸರು ಹೊತ್ತಿದ್ದ 285 ಹುಡುಗಿಯರಿಗೆ 2011ರ ಅಕ್ಟೋಬರ್‌ನಲ್ಲಿ ಹೊಸ ಹೆಸರು ಕೊಡಲಾಯಿತು. ಅವೂ ಮನೆತನದ ಚರಿತ್ರೆಯೇ. ಆದರೆ ಗೌರವಿಸುವ ಚರಿತ್ರೆಯಲ್ಲ, ತಿದ್ದಿಕೊಳ್ಳಬೇಕಾದದ್ದು. ಅಲ್ಲೂ ಕೊನೆಯ ಮಾತು ಹೆಸರು ಹೊತ್ತವಳದು. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿದ ಡಿ. ಸಾಕಮ್ಮನವರ ಹೆಸರು ಕೇಳಿದರೆ ‘ಸಾಕು’ ಎಂಬುದು ಯಾರ ನೆನಪಿಗೆ ಬರುತ್ತದೆ? ಕಾಫಿಯೇ ನೆನಪಾಗುತ್ತದೆ.

ತಮ್ಮನ ಹೆಂಡತಿ ಅವತ್ತು ಬಾಣಂತಿ ಕೋಣೆಯಿಂದಲೇ ಕೇಳಿದ ಒಂದು ಪ್ರಶ್ನೆ ಈ ಚರ್ಚೆಗೆ ಬೇಕಾದದ್ದು. “ಅತ್ತಿಗೆ, ಮನೆತನ ಅಂದರೆ ನಿಮ್ಮದು ಒಂದೇನಾ? ನಮ್ಮಮ್ಮನ ಅಮ್ಮನೂ ಈ ಮಗುವಿಗೆ ಮುತ್ತಜ್ಜಿಯೇ ಅಲ್ಲವೇ?” ಆ ಮುತ್ತಜ್ಜಿಯ ಹುಟ್ಟು ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಾಲ್ಕಾರು ಕಡೆ ಫೋನು ಮಾಡಿದ ಮೇಲೆ ಅವರ ತವರೂರಿನ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಥಟ್ಟನೆ ಹೇಳಿದರು. ಜೊತೆಗೆ ಮರ ಹತ್ತುತ್ತಿದ್ದಳೆಂದೂ ಹೇಳಿದರು. ಮಗುವಿಗೆ ಎರಡು ಕಡೆಯ ಎರಡು ಹೆಸರೂ ಬಂದವು. ಅವು ಯಾವುವೆಂದು ನಾನು ಬರೆಯುವುದಿಲ್ಲ. ದೊಡ್ಡವಳಾದ ಮೇಲೆ ಅವಳೇ ಹೇಳಿಕೊಳ್ಳಲಿ.

ಎರಡು ಹೆಸರಿಗೆ ಶಾಸ್ತ್ರದ ಅಡ್ಡಿಯೂ ಇಲ್ಲ. ನಾಮಕರಣದಲ್ಲಿ ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮವೆಂದು ಹಲವು ಹೆಸರಿಗೆ ಎಡೆಯಿದೆ. ನಕ್ಷತ್ರದ ಅಕ್ಷರ ಒಂದರಲ್ಲಿ ಇರಲಿ, ಅಜ್ಜಿ ಇನ್ನೊಂದರಲ್ಲಿ ಇರಲಿ. ಕಾನೂನಿನ ಅವಸರವೂ ಇಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆದರೆ ಹೆಸರನ್ನು 12 ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೂ ಇತರ ದಾಖಲೆಗಳಿಗೂ ಜನನ ಪತ್ರವೇ ಆಧಾರ. ಆದ್ದರಿಂದ ಕಾಗುಣಿತವನ್ನು ಮಾತ್ರ ಸರಿಯಾಗಿ ನೋಡಿ ಬರೆಸಿ.

ಆ ತಿಂಗಳುಗಳಲ್ಲಿ ಮಾಡುವ ಕೆಲಸವಿದೆ. ಹೆಸರಿನ ಪುಸ್ತಕವನ್ನು ಪಕ್ಕಕ್ಕಿಟ್ಟು ಒಂದು ನೋಟುಪುಸ್ತಕ ತೆಗೆಯಿರಿ. ತಾಯಿ, ಎರಡೂ ಕಡೆಯ ಅಜ್ಜಿಯರು, ಅವರ ತಾಯಂದಿರು. ಪ್ರತಿಯೊಬ್ಬರ ತವರಿನ ಹೆಸರು, ಗಂಡನ ಮನೆಯ ಹೆಸರು, ಅವರು ಏನು ಮಾಡಬಲ್ಲವರಾಗಿದ್ದರು, ಅವರಿಗೆ ಯಾರು ಏನು ಮಾಡಿದರು. ಹೇಳಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಮಗುವಿಗೆ ಕೊನೆಗೆ ಹೂವಿನ ಹೆಸರನ್ನೇ ಇಟ್ಟರೂ ಚಿಂತೆಯಿಲ್ಲ, ಆ ನೋಟುಪುಸ್ತಕ ಅವಳದಾಗಲಿ. ಅಜ್ಜಿಯ ಹೆಸರಿಟ್ಟು ಕಥೆ ಬಚ್ಚಿಟ್ಟರೆ ಅವಳಿಗೆ ಉಳಿಯುವುದು ಹಳೆಯ ಕಾಲದ ಒಂದು ಶಬ್ದ ಮಾತ್ರ.