ಖಾಲಿ ಕಾಲಂ ತಪ್ಪಲ್ಲ

ಹಳೆಯ ಪ್ರೋಗ್ರಾಂ ಎಂದರೆ ಗೋಜಲು, ಅದನ್ನು ಕಿತ್ತುಹಾಕಿ ಹೊಸ ಶೈಲಿಯಲ್ಲಿ ಮೊದಲಿಂದ ಬರೆಯುವುದೇ ಮೇಲು. ಐಟಿ ವಲಯದಲ್ಲಿ ಇದು ಬಹುತೇಕ ಪ್ರಶ್ನಾತೀತ. ಪುಟಗಟ್ಟಲೆ ‘ಇಫ್’ ಷರತ್ತುಗಳ ಜಾಗದಲ್ಲಿ ನಾಲ್ಕು ಅಚ್ಚುಕಟ್ಟಾದ ಕ್ಲಾಸ್‌ಗಳು ಬಂದರೆ ಸಾಕು ಎನ್ನುತ್ತಾರೆ. ಕೊಡಗಿನ ಜಮೀನು ದಾಖಲೆಗಳ ಮುಂದೆ ಈ ಮಾತು ನಿಲ್ಲುವುದಿಲ್ಲ.

‘ಭೂಮಿ’ ಯೋಜನೆಯಲ್ಲಿ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿತು. ಬಯಲುಸೀಮೆಯ ಪಹಣಿಯನ್ನಷ್ಟೇ ನೋಡಿದವರಿಗೆ ಜಮೀನೆಂದರೆ ಒಂದು ಸರ್ವೆ ನಂಬರು, ಮಾಲೀಕನ ಹೆಸರು, ಇಷ್ಟು ಹಿಸ್ಸೆ, ಇಷ್ಟು ಕಂದಾಯ. ಕೊಡಗಿನ ಲೆಕ್ಕವೇ ಬೇರೆ. ಅರಸರ ಕಾಲದ ಸೈನಿಕ ಸೇವೆಯ ಋಣದಿಂದ ಬಂದ ಜಮ್ಮಾ ಭೂಮಿಗೆ, ಪೂರ್ಣ ಕಂದಾಯದ ಸಾಗು ಭೂಮಿಯ ಅರ್ಧದಷ್ಟೇ ಕಂದಾಯವಿತ್ತು. ಸೊಪ್ಪು, ಸೌದೆ, ಮೇವಿಗೆಂದು ಗದ್ದೆಯ ಜೊತೆಗೇ ಬಂದ ಬಾಣೆಗೆ ಮೂಲದಲ್ಲಿ ಕಂದಾಯವೇ ಇರಲಿಲ್ಲ. ಒಕ್ಕದ, ಅಂದರೆ ಕೊಡವ ಕೂಡುಕುಟುಂಬದ, ಆಸ್ತಿ ಅದರ ಹಿರಿಯನಾದ ಪಟ್ಟೆದಾರನ ಹೆಸರಿನಲ್ಲಿರುತ್ತದೆ, ಹಿಸ್ಸೆ ಹಂಚಿಕೆಯಾಗಿರುವುದಿಲ್ಲ. ಎಂದೋ ತೀರಿಹೋದ ಪಟ್ಟೆದಾರರ ಹೆಸರು ಇನ್ನೂ ಪಹಣಿಗಳಲ್ಲಿ ಉಳಿದಿದೆ.

ಈಗ ಹೊಸ ಶೈಲಿಯ ಪ್ರೋಗ್ರಾಮರ್ ಬರುತ್ತಾನೆ ಅನ್ನಿ. ಖಾಲಿ ಜಾಗ ಇರಕೂಡದು, ಹಿಸ್ಸೆಗಳ ಮೊತ್ತ ಒಂದಾಗಲೇಬೇಕು ಎಂಬುದು ಅವನ ಶಿಸ್ತು. ಆ ಜರಡಿಯಲ್ಲಿ ಒಕ್ಕದ ಪಹಣಿ ‘ದೋಷಪೂರ್ಣ ದತ್ತಾಂಶ’ವಾಗಿ ಕೆಳಗೆ ಬೀಳುತ್ತದೆ. ಹಿಸ್ಸೆಯ ಕಾಲಂ ಖಾಲಿಯಿದ್ದರೆ ಯಾರೋ ತುಂಬಲು ಮರೆತರೆಂದಲ್ಲ, ಆಸ್ತಿ ಅವಿಭಕ್ತ ಎಂದು. ಕಂದಾಯದ ಸೊನ್ನೆಯೂ ಹಾಗೆಯೇ, ಅದರ ಹಿಂದೆ ಕಾನೂನಿದೆ. ಹಳೆಯ ಕೋಡಿನ ಕುರೂಪದ ‘ಇಫ್’ ಎಷ್ಟೋ ಸಲ ಇಂಥ ಕಾನೂನಿನ ಏಕೈಕ ಲಿಖಿತ ನೆನಪು. ಅದನ್ನು ಅಳಿಸಿದವನಿಗೆ ತಾನೇನು ಅಳಿಸಿದೆನೆಂದು ತಿಳಿಯುವುದೇ ಇಲ್ಲ. ಪಹಣಿ ಸಿಗದೆ ಸಹಕಾರ ಸಂಘದಲ್ಲಿ ಬೆಳೆಸಾಲ ನಿಂತವನಿಗೆ ತಿಳಿಯುತ್ತದೆ.

ಎದುರುವಾದದಲ್ಲೂ ಹುರುಳಿದೆ. ಹಳೆಯ ಪ್ರೋಗ್ರಾಮಿಂಗ್ ಭಾಷೆ ವಿಷುಯಲ್ ಬೇಸಿಕ್ 6ಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿತು. ಅಂಥ ಭಾಷೆ ಬಲ್ಲವರು ನಿವೃತ್ತರಾಗುತ್ತಿದ್ದಾರೆ, ಭದ್ರತೆಯ ಭಯವೂ ಸುಳ್ಳಲ್ಲ. ಬದಲಾವಣೆ ಬೇಕು, ಒಪ್ಪುತ್ತೇನೆ. ಆದರೆ ಬದಲಿಸಬೇಕು ಎಂಬುದರಿಂದ ಎಲ್ಲವನ್ನೂ ಕೆಡವಬೇಕು ಎಂಬುದು ಹೇಗೆ ಬಂತು? ತನ್ನ ಬ್ರೌಸರನ್ನು ಬುಡದಿಂದ ಬರೆಯಹೊರಟ ನೆಟ್‌ಸ್ಕೇಪ್ 2000ದ ಕೊನೆಗೆ ಆರನೇ ಆವೃತ್ತಿ ತರುವಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟಿತ್ತು. ಸಾಫ್ಟ್‌ವೇರ್ ತಜ್ಞ ಮಾರ್ಟಿನ್ ಫೌಲರ್ ಸೂಚಿಸಿದ ದಾರಿ ಬೇರೆ: ಇನ್ನೊಂದು ಮರವನ್ನು ಅಪ್ಪಿ ಬೆಳೆಯುವ ಅತ್ತಿಜಾತಿಯ ಮರದಂತೆ, ಹಳೆಯದು ನಡೆಯುತ್ತಿರುವಾಗಲೇ ಹೊಸದು ಒಂದೊಂದೇ ಕೆಲಸ ವಹಿಸಿಕೊಳ್ಳಬೇಕು.

ಕೊಡಗಿನ ಮಟ್ಟಿಗೆ ಇದು ಕಷ್ಟವಲ್ಲ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಎಲ್ಲ ಬಗೆಯ ಪಹಣಿಗಳನ್ನು ಹಳೆಯ ಮತ್ತು ಹೊಸ ಕೋಡಿನಲ್ಲಿ ಓಡಿಸಿ, ಸಾಲುಸಾಲಾಗಿ ಹೋಲಿಸಬೇಕು. ಉತ್ತರ ಬೇರೆ ಬಂದಲ್ಲಿ ತೀರ್ಪು ಕೇಳಬೇಕಾದದ್ದು ಪ್ರೋಗ್ರಾಮರನ್ನಲ್ಲ, ಕಂದಾಯ ಇಲಾಖೆಯ ಅನುಭವಸ್ಥರನ್ನು ಮತ್ತು ಒಕ್ಕದ ಹಿರಿಯರನ್ನು. ಆಮೇಲೆ ಹೊಸ ಶೈಲಿಯ ನಿಜವಾದ ಉಪಕಾರ ಕಾಣುತ್ತದೆ: ‘ಖಾಲಿ’ ಎಂದಿದ್ದ ಕಡೆ ‘ಅವಿಭಕ್ತ ಒಕ್ಕ’ ಎಂದು, ‘ಸೊನ್ನೆ’ ಎಂದಿದ್ದ ಕಡೆ ‘ಕಂದಾಯವಿಲ್ಲದ ಬಾಣೆ’ ಎಂದು ಕೋಡಿನಲ್ಲೇ ಹೆಸರಿಟ್ಟು ಬರೆಯಬಹುದು. ಈ ಹೋಲಿಕೆಯ ಕೆಲಸಕ್ಕೆ ಹಣ ಮತ್ತು ಸಮಯವನ್ನು ಟೆಂಡರಿನಲ್ಲೇ ನಮೂದಿಸಬೇಕು.